ಸಹಾಯ ಬೇಕು: ಮಂಗಳವಾರ ನೂರು ಜನಕ್ಕೆ ಅಡುಗೆ ಮಾಡಲು ಜಾಗ

ಎಲ್ರಿಗೂ ನಮಸ್ಕಾರ. ನಾನು ಹೋಟೆಲ್ ಅಡುಗೆಯವನು. ಊರಿಂದ ಬಂದಾಗ ಲೋಟ ತೊಳೆಯುತ್ತಿದ್ದೆ, ಆಮೇಲೆ ದೋಸೆ ಕಲ್ಲಿಗೆ ಬಂದೆ, ಈಗ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಸೌತ್ ಇಂಡಿಯನ್ ಅಡುಗೆ ಪೂರ್ತಿ ನನ್ನದೇ.

ಮಣಿಪಾಲದಲ್ಲಿ ಓದಿದ ಶೆಫ್ ವಿಕಾಸ್ ಖನ್ನಾ 2020ರ ಲಾಕ್‌ಡೌನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕೂತೇ ಇಲ್ಲಿನವರಿಗೆ ಊಟ, ರೇಷನ್ ಕಳಿಸಿದರು. ನನ್ನ ಕೈಲಿ ಅಷ್ಟೆಲ್ಲ ಆಗಲ್ಲ ಬಿಡಿ. ವಾರದ ರಜೆ ಮಂಗಳವಾರ. ಅವತ್ತು ಸರ್ಕಾರಿ ಆಸ್ಪತ್ರೆ ಹೊರಗೆ ಕಾಯುವ ರೋಗಿಗಳ ಕಡೆಯವರಿಗೆ ಊಟ ಕೊಡಬೇಕು ಅಂತ ಆಸೆ.

ಹೋದ ತಿಂಗಳು ಮನೆಯಲ್ಲೇ ಮಾಡಿದೆ. ಎಂಟು ಕೆ.ಜಿ. ಅಕ್ಕಿ, ಮೂರು ಕೆ.ಜಿ. ತೊಗರಿಬೇಳೆ, ಬಿಸಿಬೇಳೆಬಾತ್. ಆಟೋ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಮುಚ್ಚಳ ತೆಗೆದರೆ ಬಾತ್ ಗಟ್ಟಿ ಉಂಡೆ, ಸೌಟೇ ಇಳಿಯಲಿಲ್ಲ! ಪಕ್ಕದ ಟೀ ಅಂಗಡಿಯ ಅಣ್ಣ ಒಂದು ಕೆಟಲ್ ಬಿಸಿನೀರು ಕೊಟ್ಟು ಮಾನ ಉಳಿಸಿದರು. ಇಷ್ಟು ವರ್ಷದ ಅನುಭವ, ಸುಮ್ನೆ ಅಲ್ವಾ? ಅದರ ಮೇಲೆ ಮನೆ ಓನರ್ ಬೇರೆ ಇನ್ನೊಮ್ಮೆ ಬೇಡ ಅಂದಿದ್ದಾರೆ.

ವಿಕ್ಟೋರಿಯಾ ಆಸ್ಪತ್ರೆಗೆ ಹತ್ತಿರ ಮಂಗಳವಾರ ಬೆಳಿಗ್ಗೆ ಖಾಲಿ ಇರುವ ಛತ್ರದ ಅಡುಗೆಮನೆ ಗೊತ್ತಾ? ಗ್ಯಾಸ್, ನೀರಿನ ದುಡ್ಡು ಕೊಡುತ್ತೇನೆ. ಬಿಸಿ ಊಟ 60 ಡಿಗ್ರಿಗಿಂತ ಕೆಳಗೆ ಇಳಿದು ಜಾಸ್ತಿ ಹೊತ್ತು ಇರಬಾರದು, ಹಾಗಾಗಿ ಕ್ಯಾಟರಿಂಗ್‌ನವರ ಹಳೇ ಹಾಟ್ ಬಾಕ್ಸ್ ಇದ್ದರೂ ಹೇಳಿ. ಬಿಟ್ಟಿ ಹಂಚಿದರೂ ಎಫ್ಎಸ್ಎಸ್ಎಐ (ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಮಾಡಿಸಿದವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ. ತರಕಾರಿ ಹೆಚ್ಚಲು ಇಬ್ಬರು ಬಂದರಂತೂ ಕಾಫಿ ನನ್ನದು.