ಮುಂಬೈಯಲ್ಲಿ ಅರ್ಬನ್ ಡಿಸೈನ್ (ನಗರ ವಿನ್ಯಾಸ) ಓದಿದವರು ಯಾರಾದರೂ ಇದ್ದೀರಾ?

ಹುಬ್ಬಳ್ಳಿಯಲ್ಲಿ ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಮುಗಿಸಿದ್ದೇನೆ. ಮಾಟುಂಗದ ಚಿಕ್ಕಮ್ಮನ ಮನೆಯಲ್ಲಿದ್ದು ಅರ್ಬನ್ ಡಿಸೈನ್‌ನಲ್ಲಿ ಎಂ.ಆರ್ಕ್ ಮಾಡುವ ಆಸೆ. ಡ್ರಾಯಿಂಗ್ ಚೆನ್ನಾಗಿದೆ. ಆದರೆ ಸಿಲಬಸ್‌ನಲ್ಲಿ ಸಮಾಜಶಾಸ್ತ್ರ, ಕಾನೂನು ಎಲ್ಲಾ ಇದೆ. ಅದು ನಿಜಕ್ಕೂ ಬೇಕಾಗುತ್ತದಾ, ಸುಮ್ನೆ ಪಾಸಾದರೆ ಸಾಕಾ?

ಉತ್ತರ 1

ತಂಗೀ, ನಾನು ಎರಡು ವರ್ಷ ಇಲ್ಲೇ ಅದನ್ನು ಓದಿದವಳು. ಮೊದಲ ಸೆಮಿಸ್ಟರ್‌ನಲ್ಲೇ ಪೆಟ್ಟು ತಿಂದೆ. ವರ್ಲಿಯ ಬಿಡಿಡಿ ಚಾಳ್ ನಮ್ಮ ಸ್ಟುಡಿಯೋ ಸೈಟ್, ಅಂದರೆ ವಿನ್ಯಾಸದ ಪ್ರಾಜೆಕ್ಟಿಗೆ ಕೊಟ್ಟ ಜಾಗ. ಚಾಳ್ ಅಂದರೆ ಉದ್ದ ಕಾರಿಡಾರ್‌ಗೆ ಸಾಲಾಗಿ ಒಂಟಿ ಕೋಣೆಗಳು, ಎಲ್ಲರಿಗೂ ಸೇರಿ ಶೌಚಾಲಯ ಇರುವ ಕಟ್ಟಡ. 1920ರ ದಶಕದ ಕಟ್ಟಡಗಳು, ಒಂದು ಖೋಲಿ (ಕೋಣೆ) 160 ಚದರಡಿ. ಟೇಪ್ ಹಿಡಿದು ಅಳೆದೆ, ಪ್ಲಾನು, ಸೆಕ್ಷನ್ನು ಚೆಂದಕ್ಕೆ ಬರೆದೆ. ನಮ್ಮ ಕೆಲಸ ನೋಡಿ ಪ್ರಶ್ನೆ ಕೇಳುವ ಜ್ಯೂರಿಯಲ್ಲಿ ಒಬ್ಬರು ಕಾರಿಡಾರ್ ಮೇಲೆ ಬೆರಳಿಟ್ಟು, "ಸಂಜೆ ಏಳಕ್ಕೆ ಇಲ್ಲಿ ಯಾರಿರುತ್ತಾರೆ?" ಅಂದರು. ನಾನು ಹೋಗಿದ್ದೆಲ್ಲ ಬೆಳಿಗ್ಗೆ ಹನ್ನೊಂದಕ್ಕೆ!

ಮತ್ತೆ ನಾಲ್ಕು ಸಂಜೆ ಹೋದೆ. ಮಕ್ಕಳ ಹೋಂವರ್ಕ್, ಅಜ್ಜಂದಿರ ಹರಟೆ, ಬೆಳ್ಳುಳ್ಳಿ ಸುಲಿಯುವುದು, ಎಲ್ಲಾ ಆ ಕಾರಿಡಾರ್‌ನಲ್ಲೇ. ಹಾಗಂತ ಚಾಳನ್ನು ಹೊಗಳುತ್ತಾ ಕೂರಬೇಡ. ಬೆಳಿಗ್ಗೆ ಶೌಚಾಲಯಕ್ಕೆ ಸಾಲು ನಿಲ್ಲುವವರಿಗೆ ಅದನ್ನು ಕೇಳಿದರೆ ಸಿಟ್ಟು ಬರುತ್ತದೆ. ಚಾಳ್ ಕೆಡವಿ ಹೊಸದಾಗಿ ಕಟ್ಟುವ ರೀಡೆವಲಪ್‌ಮೆಂಟ್‌ನಲ್ಲಿ ಅವರಿಗೆ 500 ಚದರಡಿ ಫ್ಲ್ಯಾಟ್. ಅಲ್ಲಿನ ಒಬ್ಬ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಕೇಳಿದರು, "ಜಾಗ ಸಿಗುವುದು ಖುಷಿಯೇ. ತಿಂಗಳು ತಿಂಗಳು ಲಿಫ್ಟಿನ ಮೆಂಟೆನೆನ್ಸ್ ಯಾರು ಕಟ್ಟುತ್ತಾರೆ?" ನನ್ನ ಶೀಟುಗಳಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಮರಾಠಿ ಈಗಲೇ ಕಲಿ. ಸಾಫ್ಟ್‌ವೇರ್ ಆಮೇಲೂ ಕಲಿಯಬಹುದು.

ಉತ್ತರ 2

ನಾನು ಬಿ.ಕಾಂ. ಆಮೇಲೆ ದೇವನಾರಿನ ಟಾಟಾ ಸಂಸ್ಥೆಯಲ್ಲಿ ಅರ್ಬನ್ ಪಾಲಿಸಿ ಆ್ಯಂಡ್ ಗವರ್ನೆನ್ಸ್ ಎಂ.ಎ. ಮಾಡಿದೆ. ಕಾನೂನು ಬೇಕಾ ಅಂದಿರಲ್ಲ, ಮುಂಬೈಯ ಬಟ್ಟೆ ಗಿರಣಿಗಳ ಜಮೀನಿನ ಕಥೆ ಓದಿ. 1982ರ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮದಂತೆ ಆ ಜಮೀನಿನಲ್ಲಿ ಸುಮಾರು ಮೂರನೇ ಒಂದು ಪಾಲು ಪಾಲಿಕೆಗೆ, ಇನ್ನೊಂದು ಪಾಲು ಮ್ಹಾಡಾ (ರಾಜ್ಯದ ವಸತಿ ಮಂಡಳಿ) ವಸತಿಗೆ. 2001ರ ತಿದ್ದುಪಡಿ ಈ ಹಂಚಿಕೆಯನ್ನು ಖಾಲಿ ಜಾಗಕ್ಕೆ ಮಾತ್ರ ಅಂದಿತು. ಕಟ್ಟಡ ನಿಂತಿದ್ದ ನೆಲವೆಲ್ಲ ಲೆಕ್ಕದಿಂದ ಹೊರಗೆ! 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹಿಂದೆ ಗಿರಣಿಗಳಿದ್ದ ಲೋವರ್ ಪರೇಲ್‌ನಲ್ಲಿ ಇಳಿದು ಮಕ್ಕಳು ಆಡುವ ಮೈದಾನ ಹುಡುಕಿ ನೋಡಿ.

ಉತ್ತರ 3

ನಾನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ ಮಗಾ. ಫೋರ್ಟ್‌ನಲ್ಲಿ ಹಗಲು ಹೋಟೆಲ್ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಆಗ ನಿನ್ನಂಥ ವಿದ್ಯಾರ್ಥಿಗಳು ನಕ್ಷೆ ಹಿಡಿದು ಬರುತ್ತಿದ್ದರು, ಫೋಟೋ ತೆಗೆದು ಹೋಗುತ್ತಿದ್ದರು. ಒಬ್ಬಳು ಮಾತ್ರ ಬರೆದದ್ದನ್ನು ವಾಪಸ್ ತಂದು ತೋರಿಸಿದಳು. ನಮ್ಮ ಹೋಟೆಲಿಗೆ ನೀಲಿ ಬಣ್ಣ ಹಾಕಿದ್ದಳು. ನೀಲಿ ಅಂದರೆ ವ್ಯಾಪಾರ, ಹಳದಿ ಅಂದರೆ ವಾಸ ಅಂತೆ. ರಾತ್ರಿ ಬಾಗಿಲು ಹಾಕಿದ ಮೇಲೆ ನಾವು ಎಂಟು ಹುಡುಗರು ಆ ಮೇಜುಗಳ ಮೇಲೇ ಮಲಗುತ್ತೇವೆ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಚೀಲದಿಂದ ಹಳದಿ ಪೆನ್ಸಿಲ್ ತೆಗೆದಳು.