ತೋಟದ ಮನೆ ಕಟ್ಟುವವರಿಗೆ: ಆರ್ಕಿಟೆಕ್ಟ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ತೋಟದ ಮನೆಯ ಪ್ರಶ್ನೆಗಳಿಗೆ ನಮ್ಮ ಗುಂಪಿನ ಆರ್ಕಿಟೆಕ್ಟ್ ಮೇಡಂ ಇಂದು ಉತ್ತರಿಸುತ್ತಾರೆ. ಜಮೀನು ಎಲ್ಲಿದೆ, ಇಳಿಜಾರು ಯಾವ ಕಡೆಗೆ ಎಂಬುದನ್ನು ತಪ್ಪದೆ ಬರೆಯಿರಿ.

ಯಲಹಂಕ: ಚದರಕ್ಕೆ ಎಷ್ಟು ಬೀಳುತ್ತದೆ ಮೇಡಂ?

ಆರ್ಕಿಟೆಕ್ಟ್: ನಕ್ಷೆಯಿಲ್ಲದೆ ದರ ಹೇಳಲಾಗದು.

ಹೆಸರಘಟ್ಟ: ನಮಸ್ಕಾರ ಮೇಡಂ. ಪಶ್ಚಿಮಕ್ಕೆ ಕೆರೆ ಕಾಣುತ್ತದೆ, ಹಾಲಿನ ಆ ಗೋಡೆಯನ್ನೆಲ್ಲ ಗಾಜಿನದು ಮಾಡಿಸುವ ಆಸೆ. ಉತ್ತರಕ್ಕೆ ಬಿಸಿಲೇ ಬೀಳುವುದಿಲ್ಲ, ಸಜ್ಜ ಬೇಡ ಎನ್ನುತ್ತಾರೆ ಮೇಸ್ತ್ರಿ.

ಆರ್ಕಿಟೆಕ್ಟ್: ಮೇಸ್ತ್ರಿ ಚಳಿಗಾಲದ ಲೆಕ್ಕ ಹೇಳಿದ್ದಾರೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಅಲ್ಲಿಯೂ ಎರಡಡಿ ಸಜ್ಜ ಬೇಕು. ಪಶ್ಚಿಮದ ಗಾಜಿಗೆ ಸಜ್ಜವೂ ಸಾಲದು, ಇಳಿಹೊತ್ತಿನ ಬಿಸಿಲು ಅದರ ಕೆಳಗಿನಿಂದಲೇ ನುಗ್ಗುತ್ತದೆ. ಮುಂಗಾರಿನ ಎರಚಲೂ ಹೆಚ್ಚಾಗಿ ಅದೇ ಕಡೆಯದು. ಎಂಟಡಿ ಅಗಲದ ಜಗಲಿ ಮಾಡಿ ಅಲ್ಲಿ ಕುಳಿತು ಕೆರೆ ನೋಡಿ.

ಕನಕಪುರ ರಸ್ತೆ: ನಮ್ಮ ಜಮೀನು ಪೂರ್ವಕ್ಕೆ ಇಳಿಜಾರು. ಜೆಸಿಬಿಯಲ್ಲಿ ದಿಣ್ಣೆ ಕಡಿದು ಮಟ್ಟ ಮಾಡಿಸಿ, ಕಡಿದ ಕಡೆ ಹತ್ತಡಿ ಎತ್ತರಕ್ಕೆ ಸೈಜುಗಲ್ಲಿನ ತಡೆಗೋಡೆ ಕಟ್ಟಿಸಿದ್ದೇವೆ. ಮೇಲ್ಗಡೆ ಕೃಷಿ ಹೊಂಡವಿದೆ. ಮೊನ್ನೆಯ ಮಳೆಗೆ ಗೋಡೆ ನಡುವಿನಲ್ಲಿ ಉಬ್ಬಿ, ಸಂದಿಗಳಿಂದ ಕೆಸರುನೀರು ಒಸರುತ್ತಿದೆ. ಫೋಟೊ ಹಾಕಿದ್ದೇನೆ. ಸಿಮೆಂಟ್ ಮೆತ್ತಿದರೆ ಸಾಕೇ?

ಆರ್ಕಿಟೆಕ್ಟ್: ಮಿಕ್ಕವರು ತಡೆಯಿರಿ. ಗೋಡೆಯ ಬುಡದಲ್ಲಿ ತಗಡಿನ ಶೆಡ್ ಕಾಣುತ್ತಿದೆ, ಬಟ್ಟೆ ಒಣಹಾಕಿದ್ದಾರೆ. ಅಲ್ಲಿ ಯಾರಿದ್ದಾರೆ?

ಕನಕಪುರ ರಸ್ತೆ: ಕಾವಲುಗಾರನ ಸಂಸಾರ.

ಆರ್ಕಿಟೆಕ್ಟ್: ಅವರನ್ನು ಈಗಲೇ ಅಲ್ಲಿಂದ ಕಳುಹಿಸಿ, ನಾಳೆ ಬೆಳಿಗ್ಗೆಯವರೆಗೆ ಕಾಯಬೇಡಿ. ಗೋಡೆಯನ್ನು ತಳ್ಳುತ್ತಿರುವುದು ಬರೀ ಮಣ್ಣಲ್ಲ, ಮಣ್ಣಿನಲ್ಲಿ ತುಂಬಿಕೊಂಡ ನೀರು. ಅದು ಹೊರಬರಲು ಗೋಡೆಯಲ್ಲಿ ಒಂದು ಪೈಪೂ ಇಟ್ಟಿಲ್ಲ. ಸದ್ಯ ಆ ಸಂದಿಗಳಿಂದಲೇ ಒತ್ತಡ ಸ್ವಲ್ಪ ಇಳಿಯುತ್ತಿದೆ. ಸಿಮೆಂಟ್ ಮೆತ್ತಿದರೆ ಆ ದಾರಿಯೂ ಮುಚ್ಚಿ ಗೋಡೆ ಒಂದೇ ಏಟಿಗೆ ಉರುಳಬಹುದು. ಕೆಸರು ಬರುತ್ತಿದೆ ಎಂದರೆ ಹಿಂದಿನ ಮಣ್ಣು ಕೊಚ್ಚಿಹೋಗುತ್ತಿದೆ. ಹೊಂಡದ ನೀರನ್ನು ಪಂಪ್ ಇಟ್ಟು ಗೋಡೆಯಿಂದ ದೂರಕ್ಕೆ ಹರಿಸಿ. ಬರಿಮಣ್ಣಿನ ಮೇಲೆ ಟಾರ್ಪಾಲು ಹಾಸಿ. ಜೆಸಿಬಿ ಮೇಲಕ್ಕೆ ಹತ್ತಲೇಬಾರದು, ಅದರ ಭಾರವೂ ಗೋಡೆಗೇ ಬೀಳುತ್ತದೆ. ನಾಳೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲಿ. ಈ ಗೋಡೆಯನ್ನು ಬಿಚ್ಚಿ ಕಟ್ಟಬೇಕಾದೀತು: ಹತ್ತಡಿ ಎತ್ತರಕ್ಕೆ ಬುಡದಲ್ಲಿ ಸುಮಾರು ಐದಡಿ ದಪ್ಪ, ಹಿಂದೆ ಜಲ್ಲಿ ತುಂಬಿ, ಉದ್ದಕ್ಕೂ ನೀರು ಬಸಿಯುವ ಪೈಪುಗಳು. ಅಂದಹಾಗೆ ದಿಣ್ಣೆಯನ್ನು ಕಡಿಯಲೇಬೇಕಿರಲಿಲ್ಲ. ಇಳಿಜಾರಿಗೆ ಹೊಂದಿಸಿ ಮನೆಯನ್ನೇ ಮೂರು ಮಟ್ಟದಲ್ಲಿ ಇಳಿಸಿದ್ದರೆ ತಡೆಗೋಡೆ ನಾಲ್ಕಡಿ ದಾಟುತ್ತಿರಲಿಲ್ಲ, ನೀರೂ ತನ್ನ ಹಳೆಯ ದಾರಿಯಲ್ಲೇ ಹೋಗುತ್ತಿತ್ತು.

ಆನೇಕಲ್: ಮೇಡಂ, ಕೊಳವೆಬಾವಿಯಿಂದ ಶೌಚಗುಂಡಿ ಎಷ್ಟು ದೂರ ಇರಬೇಕು?

ಯಲಹಂಕ: ಬಂದ ಸಂದೇಶ: ‘ಪಾಯಕ್ಕೆ ಎರಡು ಮೂಟೆ ಕಲ್ಲುಪ್ಪು ಸುರಿದರೆ ಏಳು ತಲೆಮಾರು ಗೆದ್ದಲು ಬರುವುದಿಲ್ಲ. ಕಾಂಕ್ರೀಟಿಗೆ ಬೆಲ್ಲ ಬೆರೆಸಿದರೆ ಕಲ್ಲಿನಷ್ಟು ಗಟ್ಟಿ. ಎಲ್ಲರಿಗೂ ತಲುಪಿಸಿ.’

ಆರ್ಕಿಟೆಕ್ಟ್: ಯಾರಿಗೂ ತಲುಪಿಸಬೇಡಿ. ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಗೆದ್ದಲು ಬಾಗಿಲು ತಿಂದೀತು, ಉಪ್ಪು ಕಂಬವನ್ನೇ ತಿನ್ನುತ್ತದೆ. ಬೆಲ್ಲವನ್ನು ಹಿಂದಿನವರು ಹಾಕುತ್ತಿದ್ದದ್ದು ಸುಣ್ಣದ ಗಾರೆಗೆ. ಸಿಮೆಂಟಿಗೆ ಸಕ್ಕರೆಯ ಅಂಶ ಸೇರಿದರೆ ಅದು ಗಟ್ಟಿಯಾಗುವುದೇ ತಡವಾಗುತ್ತದೆ, ಹೆಚ್ಚಾದರೆ ಕೆಟ್ಟೇ ಹೋಗುತ್ತದೆ. ಕಳೆದ ತಿಂಗಳೂ ಇದನ್ನೇ ಬರೆದಿದ್ದೆ.

ದೇವನಹಳ್ಳಿ: ಇಷ್ಟೆಲ್ಲ ಏಕೆ? ಮಂಗಳೂರು ಹೆಂಚು ಹಾಕಿ, ತಂಪು ತಾನಾಗಿ ಬರುತ್ತದೆ. ಆರ್‌ಸಿಸಿ ಡಬ್ಬಿ ಕಟ್ಟಿ ತೋಟದ ಮನೆ ಎನ್ನುವುದೇ ನಗೆಪಾಟಲು.

ಮಾಗಡಿ ರಸ್ತೆ: ಸಾವನದುರ್ಗದ ಕಡೆಗೆ ಬನ್ನಿ. ಕೋತಿಗಳು ಒಂದು ಹೆಂಚನ್ನೂ ಉಳಿಸುವುದಿಲ್ಲ.

ದೇವನಹಳ್ಳಿ: ಕೋತಿಯ ಜಾಗದಲ್ಲಿ ಮನೆ ಕಟ್ಟಿ ಕೋತಿಯನ್ನೇ ದೂರುವುದು!

ಮಾಗಡಿ ರಸ್ತೆ: ನಮ್ಮದು ಅಜ್ಜನ ಕಾಲದ ಹೊಲ ಸ್ವಾಮಿ. 2020ರ ತಿದ್ದುಪಡಿ ಬಂದು ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾದ ಮೇಲೆ ಓಡಿ ಬಂದವರು ನೀವು.

ದೇವನಹಳ್ಳಿ: ಕಾನೂನು ಕೊಟ್ಟ ಹಕ್ಕು. ನಿಮ್ಮ ಅಪ್ಪಣೆ ಬೇಕಿಲ್ಲ.

ಕೆಂಗೇರಿ: ಈಶಾನ್ಯದಲ್ಲಿ ಸಂಪು ಇಟ್ಟರೆ ಇಂಥ ಜಗಳವೇ ಆಗುವುದಿಲ್ಲ.

ನಿರ್ವಾಹಕರು: ದಯವಿಟ್ಟು ವಿಷಯಕ್ಕೆ ಬನ್ನಿ.

ಆರ್ಕಿಟೆಕ್ಟ್: ಹೆಂಚೊಂದರಿಂದಲೇ ತಂಪು ಬರುವುದಿಲ್ಲ. ಕೆಳಗೆ ಅಟ್ಟ ಬೇಕು, ಬಿಸಿಗಾಳಿ ಮೇಲಿನಿಂದ ಹೊರಹೋಗಲು ಕಿಂಡಿ ಬೇಕು. ಕೋತಿ ಇರುವ ಕಡೆ ಆರ್‌ಸಿಸಿ ಹಾಕಿ, ಮೇಲೆ ಬಿಳಿ ಬಣ್ಣ ಬಳಿಯಿರಿ. ಇಬ್ಬರೂ ಸಾಕು ಮಾಡಿ. ಸಂಪಿನ ಜಾಗವನ್ನು ಇಳಿಜಾರು ಹೇಳುತ್ತದೆ.

ಯಲಹಂಕ: ಅಂದಾಜಾದರೂ ಹೇಳಿ ಮೇಡಂ, ಚದರಕ್ಕೆ?

ಆರ್ಕಿಟೆಕ್ಟ್: ಮೇಲೆ ಓದಿ.

ಸರ್ಜಾಪುರ: ಛಾವಣಿಯ ಮಳೆನೀರು ಎಷ್ಟು ಸಿಗುತ್ತದೆ?

ಆರ್ಕಿಟೆಕ್ಟ್: 1500 ಚದರ ಅಡಿಗೆ ವರ್ಷಕ್ಕೆ ಸುಮಾರು 1 ಲಕ್ಷ ಲೀಟರ್.

ಕನಕಪುರ ರಸ್ತೆ: ಹೊಂಡ ಖಾಲಿ ಮಾಡಿದರೆ ಬೇಸಿಗೆಯಲ್ಲಿ ಗಿಡಗಳಿಗೆ ನೀರೆಲ್ಲಿ ಮೇಡಂ? ಎರಡು ದಿನ ನೋಡಿದರೆ ಆಗದೇ?

ಆರ್ಕಿಟೆಕ್ಟ್: ಶೆಡ್ ಖಾಲಿಯಾಯಿತೇ? ಮೊದಲು ಅದನ್ನು ಹೇಳಿ.

ಕನಕಪುರ ರಸ್ತೆ: ಆಯಿತು. ಪಕ್ಕದ ತೋಟದವರ ಮನೆಯಲ್ಲಿದ್ದಾರೆ.

ಆರ್ಕಿಟೆಕ್ಟ್: ಹೊಂಡವನ್ನೂ ಖಾಲಿ ಮಾಡಿ. ಗೋಡೆ ಬಿದ್ದರೆ ಆ ನೀರು ಹೇಗೂ ಉಳಿಯುವುದಿಲ್ಲ. ಎಂಜಿನಿಯರ್ ಬರುವವರೆಗೆ ಬುಡಕ್ಕೆ ಯಾರೂ ಸುಳಿಯಬಾರದು, ಮೇಕೆ ಕಟ್ಟಲೂ ಕೂಡದು. ನಾನು ಇನ್ನು ಇವರೊಂದಿಗೆ ಫೋನಿನಲ್ಲಿ ಮಾತನಾಡುತ್ತೇನೆ.

ಆನೇಕಲ್: ನನ್ನ ಶೌಚಗುಂಡಿಯ ಪ್ರಶ್ನೆ ಹಾಗೆಯೇ ಉಳಿಯಿತು.

ಮಾಗಡಿ ರಸ್ತೆ: ದೇವನಹಳ್ಳಿಯವರನ್ನು ಕೇಳಿ, ಅವರಿಗೆ ಎಲ್ಲವೂ ಗೊತ್ತು.