ಸಹಾಯ ಬೇಕು: ಟೈಪ್ ರೇಟಿಂಗ್ ಈಗಲೇ ಮಾಡಿಸಬೇಕಾ?

ನಮಸ್ಕಾರ. ನನ್ನ ತಮ್ಮ 200 ಗಂಟೆ ಹಾರಾಟ ಮುಗಿಸಿ, ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ತೆಗೆದುಕೊಂಡು ಒಂದೂವರೆ ವರ್ಷ ಆಯಿತು. ಇನ್ನೂ ಕೆಲಸ ಇಲ್ಲ. ಓದೋದರಲ್ಲಿ ಅವನೇನೂ ಕಮ್ಮಿ ಇಲ್ಲ, ಆದರೆ 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ, ಮರುವರ್ಷ ಕೊರೊನಾ ಬಂದಾಗ, ಸಾವಿರಾರು ಗಂಟೆ ಹಾರಿಸಿದವರೇ ಮನೆಯಲ್ಲಿ ಕೂತಿದ್ದರು, ಅಲ್ವಾ? ಅದೃಷ್ಟ ಅನ್ನೋದೂ ಬೇಕು. ಈಗ ಅಪ್ಪ ಸೈಟು ಮಾರಿ ಎ320 ಟೈಪ್ ರೇಟಿಂಗ್ (ಆ ಮಾದರಿಯ ಏರ್‌ಬಸ್ ವಿಮಾನ ಹಾರಿಸಲು ಬೇಕಾದ ಪ್ರತ್ಯೇಕ ಅರ್ಹತೆ) ಮಾಡಿಸೋಣ ಅನ್ನುತ್ತಿದ್ದಾರೆ (ಅಮ್ಮನಿಗೆ ಇನ್ನೂ ಹೇಳಿಲ್ಲ). ನನಗೆ ಭಯ. ರೇಟಿಂಗ್ ಮುಗಿಸಿ ಸುಮ್ನೆ ಕೂತರೆ, ಅದನ್ನು ಚಾಲ್ತಿಯಲ್ಲಿಡಲು ಮತ್ತೆ ಸಿಮ್ಯುಲೇಟರ್ (ನೆಲದ ಮೇಲೇ ಹಾರಾಟ ಅಭ್ಯಾಸ ಮಾಡುವ ಯಂತ್ರ) ಖರ್ಚು. ಇಲ್ಲಿ ಪೈಲಟ್‌ಗಳಿದ್ದರೆ ದಯವಿಟ್ಟು ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಏರ್‌ಲೈನ್ ಕರೆಯುವ ತನಕ ಇನ್‌ಸ್ಟ್ರಕ್ಟರ್ ಆಗಿ ಗಂಟೆ ಜಾಸ್ತಿ ಮಾಡಿಕೊಂಡರೆ ಉಪಯೋಗ ಇದೆಯಾ?